ಎದುರಾಳಿಗಳು ಜಾಸ್ತಿಯಾದರೆ ಹಳಬರಿಗೇ ಲಾಭವಾ?

ಪ್ರಶ್ನೆ: ನಾವು ಅಮೆರಿಕಕ್ಕೆ ಬಂದು ಹದಿನಾರು ವರ್ಷವಾಯಿತು. ಕಳೆದ ವರ್ಷ ನನಗೆ ಇಲ್ಲಿನ ಪೌರತ್ವ ಸಿಕ್ಕಿತು. ಈಗ ಹಾಕುವುದೇ ಮೊದಲ ಮತ. ನಮ್ಮ ಕ್ಷೇತ್ರದ ಸಂಸದರು 20 ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಸೀಟಿನಲ್ಲಿದ್ದಾರೆ. ಈ ಸಲ ಅವರದೇ ಪಕ್ಷದ ಐದು ಜನ ಪ್ರೈಮರಿಯಲ್ಲಿ ಅವರ ಎದುರು ನಿಂತಿದ್ದಾರೆ. "ಇಷ್ಟು ಜನ ನಿಂತರೆ ಮತ ಒಡೆಯುತ್ತೆ, ಮುದುಕರೇ ಗೆಲ್ತಾರೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತಾರೆ ನನ್ನ ಗಂಡ. ನನಗೆ ಹಾಗನ್ನಿಸುತ್ತಿಲ್ಲ. ಐದು ಜನ ಧೈರ್ಯ ಮಾಡಿದ್ದಾರೆ ಅಂದರೆ ಹಳಬರ ಬುಡ ಅಲ್ಲಾಡುತ್ತಿದೆ ಅಂತ ತಾನೇ ಅರ್ಥ? ನಮ್ಮಿಬ್ಬರಲ್ಲಿ ಯಾರು ಸರಿ? ನನ್ನ ಮತಕ್ಕೆ ಬೆಲೆ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೆಲೆ ಇದೆ. ನವೆಂಬರ್ ಚುನಾವಣೆಗಿಂತ ಪ್ರೈಮರಿಯಲ್ಲೇ ನಿಮ್ಮ ಮತಕ್ಕೆ ಬೆಲೆ ಜಾಸ್ತಿ ಇರಬಹುದು.

ಯಾಕೆ ಅಂತ ಹೇಳುತ್ತೇನೆ. ನಮ್ಮೂರಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನಿಸುವುದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬರುತ್ತದೋ ಅವರೇ ಅಭ್ಯರ್ಥಿ. ಬರದವರು ಬಂಡಾಯ ಏಳುತ್ತಾರೆ, ಇಲ್ಲವೇ ಪಕ್ಷ ಬಿಡುತ್ತಾರೆ. ಅಮೆರಿಕದಲ್ಲಿ ಆ ಬಿ ಫಾರಂ ಕೊಡುವವರು ಮತದಾರರು. ಅದಕ್ಕೆ ನಡೆಯುವ ಚುನಾವಣೆಯೇ ಪ್ರೈಮರಿ. ಇಲ್ಲಿನ ಬಹಳಷ್ಟು ಕ್ಷೇತ್ರಗಳು ಒಂದೇ ಪಕ್ಷದ ಭದ್ರಕೋಟೆಗಳು. ಅಲ್ಲಿ ನವೆಂಬರ್‌ನಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಪ್ರೈಮರಿ ಮುಗಿದ ರಾತ್ರಿಯೇ ಗೊತ್ತಾಗಿಬಿಡುತ್ತದೆ. ಆದರೂ ಪ್ರೈಮರಿಗೆ ಜನ ಬರುವುದು ಕಡಿಮೆ. 2018ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಅವರು ಜೋ ಕ್ರೌಲಿ ಅವರನ್ನು ಸೋಲಿಸಿದ್ದು ನಿಮಗೆ ನೆನಪಿರಬಹುದು. ಕ್ರೌಲಿ ಇಪ್ಪತ್ತು ವರ್ಷ ಸದಸ್ಯರಾಗಿದ್ದವರು, ಪಕ್ಷದ ದೊಡ್ಡ ನಾಯಕರು. ಸುಮಾರು 7 ಲಕ್ಷ ಜನರಿರುವ ಕ್ಷೇತ್ರ ಅದು. ಅಲ್ಲಿ ಗೆದ್ದವರಿಗೆ ಬಿದ್ದ ಮತ 17 ಸಾವಿರದ ಹತ್ತಿರ, ಅಷ್ಟೇ.

ಈಗ ನಿಮ್ಮ ಮನೆಯ ವಾದಕ್ಕೆ ಬರೋಣ. ನಿಮ್ಮ ಗಂಡ ಹೇಳುವುದರಲ್ಲೂ ಸತ್ಯ ಇದೆ, ನೀವು ಹೇಳುವುದರಲ್ಲೂ ಇದೆ. ಆದರೆ ಇಬ್ಬರೂ ಒಂದು ಮಾತು ಕೇಳಿಲ್ಲ. ನೀವಿರುವುದು ಯಾವ ರಾಜ್ಯ? ಅಲ್ಲಿ ಗೆಲ್ಲಲು ಎಷ್ಟು ಮತ ಬೇಕು? ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕಾ, ಅಥವಾ ಅರ್ಧಕ್ಕಿಂತ ಜಾಸ್ತಿ ಬೇಕಾ? ಎದುರಾಳಿಗಳ ಸಂಖ್ಯೆ ಹಳಬರಿಗೆ ಗುರಾಣಿಯಾಗುತ್ತದೋ ಕೊಡಲಿಯಾಗುತ್ತದೋ ಅನ್ನುವುದು ಈ ಒಂದು ನಿಯಮದ ಮೇಲೆ ನಿಂತಿದೆ.

ಮೊದಲು ನಿಮ್ಮ ಗಂಡನ ಪರ ವಾದಿಸುತ್ತೇನೆ. ಅದಕ್ಕೆ ನ್ಯೂಯಾರ್ಕ್‌ನ 12ನೇ ಕ್ಷೇತ್ರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮ್ಯಾನ್‌ಹ್ಯಾಟನ್‌ನ ಪೂರ್ವ ಭಾಗವೂ ಆಚೆ ದಡದ ಒಂದಿಷ್ಟು ಬಡಾವಣೆಗಳೂ ಸೇರಿದ್ದ ಕ್ಷೇತ್ರ. ಕ್ಯಾರೊಲಿನ್ ಮಲೋನಿ 1993ರಿಂದ ಸಂಸತ್ತಿನಲ್ಲಿದ್ದವರು. 2018ರಲ್ಲಿ ಭಾರತೀಯ ಮೂಲದ ಯುವಕ ಸೂರಜ್ ಪಟೇಲ್ ಒಬ್ಬರೇ ಅವರ ಎದುರು ನಿಂತರು. ಮಲೋನಿಗೆ ಶೇ 60, ಪಟೇಲ್‌ಗೆ ಶೇ 40. ನೇರ ಸೋಲು. 2020ರಲ್ಲಿ ಪಟೇಲ್ ಮತ್ತೆ ನಿಂತರು. ಈ ಸಲ ಇನ್ನೂ ಇಬ್ಬರು ಬಂದರು: ಲಾರೆನ್ ಆಶ್‌ಕ್ರಾಫ್ಟ್ ಮತ್ತು ಪೀಟರ್ ಹ್ಯಾರಿಸನ್. ಫಲಿತಾಂಶ ನೋಡಿ. ಮಲೋನಿಗೆ ಶೇ 43, ಪಟೇಲ್‌ಗೆ ಶೇ 39, ಆಶ್‌ಕ್ರಾಫ್ಟ್‌ಗೆ ಶೇ 14ರ ಹತ್ತಿರ, ಹ್ಯಾರಿಸನ್‌ಗೆ ಶೇ 4. ಅಂದರೆ ಆ ಪಕ್ಷದ ನೂರು ಮತದಾರರಲ್ಲಿ 57 ಜನ "ಇವರು ಬೇಡ" ಅಂದರು. ಆದರೂ ಇವರೇ ಗೆದ್ದರು. ನ್ಯೂಯಾರ್ಕ್‌ನ ಸಂಸತ್ ಪ್ರೈಮರಿಯಲ್ಲಿ ಎರಡನೇ ಸುತ್ತಿಲ್ಲ. ಮುಂದಿದ್ದವರಿಗೆ ಸೀಟು.

ಆ ಎಣಿಕೆ ಹೇಗೆ ನಡೆಯಿತು ಅನ್ನುವುದನ್ನೂ ಹೇಳಬೇಕು. ಕೋವಿಡ್ ಕಾಲ. ಜೂನ್ 23ಕ್ಕೆ ಮತದಾನ. ಜನ ಅಂಚೆಯಲ್ಲಿ ಮತ ಕಳಿಸಿದರು. ಸರ್ಕಾರವೇ ಅಂಚೆ ವೆಚ್ಚ ಕಟ್ಟಿದ ಲಕೋಟೆಗಳು ಅವು. ಅಂಥ ಲಕೋಟೆಗೆ ಅಂಚೆಯವರು ಎಷ್ಟೋ ಸಲ ಮುದ್ರೆ ಒತ್ತುವುದಿಲ್ಲ. ಆಗಿನ ನಿಯಮದ ಪ್ರಕಾರ ಮತದಾನದ ದಿನ ಕಳೆದ ಮೇಲೆ ತಲುಪಿದ ಲಕೋಟೆಗೆ ಮುದ್ರೆ ಇಲ್ಲದಿದ್ದರೆ ಮತ ಲೆಕ್ಕಕ್ಕಿಲ್ಲ. ಮತದಾರ ಸಮಯಕ್ಕೆ ಸರಿಯಾಗಿ ಡಬ್ಬಿಗೆ ಹಾಕಿದ್ದಾನೆ, ತಪ್ಪು ಅವನದಲ್ಲ, ಆದರೂ ಮತ ಹೋಯಿತು. ಸಹಿ ಇಲ್ಲದ್ದು, ತಡವಾಗಿ ಬಂದದ್ದು ಎಲ್ಲ ಸೇರಿ ಆ ಜೂನ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ತಿರಸ್ಕಾರವಾದ ಅಂಚೆ ಮತಗಳು 84 ಸಾವಿರಕ್ಕೂ ಹೆಚ್ಚು. ವಿಷಯ ಕೋರ್ಟಿಗೆ ಹೋಯಿತು. ಇಂಥ ಒಂದಿಷ್ಟು ಮತಗಳನ್ನು ಎಣಿಸಿ ಅಂತ ನ್ಯಾಯಾಧೀಶರು ಆದೇಶ ಕೊಟ್ಟರು. ಮಲೋನಿ ಗೆದ್ದರು ಅಂತ ಅಧಿಕೃತವಾಗಿ ಹೇಳುವ ಹೊತ್ತಿಗೆ ಆರು ವಾರ ಕಳೆದಿತ್ತು. ಅಂತರ ಮೂರು ಸಾವಿರ ಚಿಲ್ಲರೆ ಮತ. ಆಶ್‌ಕ್ರಾಫ್ಟ್ ಒಬ್ಬರಿಗೇ ಇದರ ಮೂರು ಪಟ್ಟಿಗಿಂತ ಹೆಚ್ಚು ಬಿದ್ದಿದ್ದವು.

ಆಶ್‌ಕ್ರಾಫ್ಟ್ ನಿಲ್ಲದೇ ಇದ್ದಿದ್ದರೆ ಪಟೇಲ್ ಖಂಡಿತ ಗೆಲ್ಲುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆಶ್‌ಕ್ರಾಫ್ಟ್, ಹ್ಯಾರಿಸನ್ ಇಬ್ಬರೂ ಎಡಪಂಥದವರು. ಪಟೇಲ್ ಒಬಾಮಾ ಪ್ರಚಾರ ತಂಡದಲ್ಲಿ ಪಳಗಿದ ಮಧ್ಯಮ ದಾರಿಯವರು. ಅವರಿಬ್ಬರ ಮತದಾರರಲ್ಲಿ ಕೆಲವರು ಪಟೇಲ್ ಕಡೆ ಬರುತ್ತಿದ್ದರು, ಕೆಲವರು ಮಲೋನಿ ಕಡೆ ಹೋಗುತ್ತಿದ್ದರು, ಕೆಲವರು ಮನೆಯಲ್ಲೇ ಉಳಿಯುತ್ತಿದ್ದರು. ಹಳಬರ ವಿರುದ್ಧ ಬಿದ್ದ ಮತವೆಲ್ಲ ಒಂದೇ ಚೀಲದ ಮತ ಅಂದುಕೊಳ್ಳುವುದು ದೊಡ್ಡ ತಪ್ಪು. ಟಿವಿ ಚರ್ಚೆಗಳಲ್ಲಿ ದಿನಾ ಈ ತಪ್ಪು ನಡೆಯುತ್ತದೆ.

ಹಾಗಾದರೆ ಜನ ಜಾಸ್ತಿಯಾದರೆ ಫಲಿತಾಂಶ ನಿಜವಾಗಿಯೂ ಬದಲಾಗುತ್ತಾ? ಇದನ್ನು ಪರೀಕ್ಷೆ ಮಾಡಿ ನೋಡುವುದು ಕಷ್ಟ. ಒಂದೇ ಕ್ಷೇತ್ರದಲ್ಲಿ, ಒಂದೇ ದಿನ, ಅದೇ ಮತದಾರರ ಹತ್ತಿರ ಎರಡು ಸಲ ಮತ ಹಾಕಿಸಬೇಕು. ಒಂದು ಸಲ ಕಡಿಮೆ ಅಭ್ಯರ್ಥಿಗಳು, ಇನ್ನೊಂದು ಸಲ ಜಾಸ್ತಿ. ಇಂಥದ್ದು ಎಲ್ಲಿ ನಡೆಯುತ್ತದೆ ಅಂತೀರಾ? ಒಂದು ಸಲ ನಡೆದಿದೆ. ಈ ವಿಷಯ ಕೇಳಿದವರಿಗೆಲ್ಲ ನಾನು ತಪ್ಪದೆ ಹೇಳುವ ಕತೆ ಇದು.

ಮಿಷಿಗನ್‌ನ 13ನೇ ಕ್ಷೇತ್ರ, ಡೆಟ್ರಾಯಿಟ್. ಜಾನ್ ಕಾನ್ಯರ್ಸ್ 1965ರಿಂದ ಸಂಸತ್ತಿನಲ್ಲಿದ್ದವರು. 2017ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅರ್ಧ ಶತಮಾನ ದಾಟಿದ ಮೇಲೆ ಸೀಟು ಖಾಲಿಯಾಯಿತು. ಉಳಿದ ಕೆಲವು ವಾರಗಳ ಅವಧಿಗೆ ಒಂದು ಉಪಚುನಾವಣೆ, ಮುಂದಿನ ಎರಡು ವರ್ಷಕ್ಕೆ ಇನ್ನೊಂದು ಚುನಾವಣೆ. ಎರಡರ ಪ್ರೈಮರಿಯೂ 2018ರ ಆಗಸ್ಟ್ 7ರಂದೇ. ಒಂದೇ ಮತಪತ್ರದಲ್ಲಿ ಎರಡು ಪಟ್ಟಿ. ಉಪಚುನಾವಣೆಯ ಪಟ್ಟಿಯಲ್ಲಿ ನಾಲ್ಕು ಹೆಸರು. ಪೂರ್ಣ ಅವಧಿಯ ಪಟ್ಟಿಯಲ್ಲಿ ಆರು. ನಾಲ್ಕು ಹೆಸರಿದ್ದ ಕಡೆ ಡೆಟ್ರಾಯಿಟ್ ನಗರ ಸಭೆಯ ಅಧ್ಯಕ್ಷೆ ಬ್ರೆಂಡಾ ಜೋನ್ಸ್ ಶೇ 38ರ ಹತ್ತಿರ ಪಡೆದು ಗೆದ್ದರು. ರಶೀದಾ ತ್ಲೈಬ್ ಎರಡನೆಯವರು. ಆರು ಹೆಸರಿದ್ದ ಕಡೆ ತ್ಲೈಬ್ ಶೇ 31 ಪಡೆದು ಗೆದ್ದರು. ಜೋನ್ಸ್ ಶೇ 30ಕ್ಕೆ ಇಳಿದರು. ಅದೇ ಜನ, ಅದೇ ಕಾಗದ, ಅದೇ ಪೆನ್ನು. ಎರಡು ಹೆಸರು ಸೇರಿದ್ದಕ್ಕೆ ಗೆದ್ದವರೇ ಬದಲಾದರು. ಸೇರಿದ ಹೆಸರುಗಳಲ್ಲಿ ಒಂದು ಕೋಲ್ಮನ್ ಯಂಗ್ ಅವರದು. ಅವರ ತಂದೆ ಡೆಟ್ರಾಯಿಟ್‌ನ ಹೆಸರಾಂತ ಮೇಯರ್. ಅವರಿಗೆ ಬಿದ್ದ ಶೇ 12ರಷ್ಟು ಮತ ಬಹುಪಾಲು ಜೋನ್ಸ್ ಬುಟ್ಟಿಯಿಂದಲೇ ಹೋಗಿರಬೇಕು ಅನ್ನುವುದು ನನ್ನ ಅಂದಾಜು. ಎರಡು ವರ್ಷ ಬಿಟ್ಟು, 2020ರಲ್ಲಿ, ಇವರಿಬ್ಬರೇ ಎದುರುಬದುರಾದರು. ಅಷ್ಟರಲ್ಲಿ ತ್ಲೈಬ್ ಹಾಲಿ ಸದಸ್ಯೆ. ಶೇ 66 ಪಡೆದು ಗೆದ್ದರು.

ಡೆಟ್ರಾಯಿಟ್ ಮಾತು ಬಂದದ್ದಕ್ಕೆ ನಮ್ಮ ಕಡೆಯ ಒಂದು ಸಂಗತಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಈಗ ಅಲ್ಲಿನ ಸಂಸದರು. 2022ರಲ್ಲಿ ಕ್ಷೇತ್ರದ ಗಡಿ ಬದಲಾಗಿತ್ತು, ಹಾಲಿ ಸದಸ್ಯರು ಯಾರೂ ಕಣದಲ್ಲಿರಲಿಲ್ಲ. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಜನ. ಥಾಣೇದಾರ್ ಗೆದ್ದದ್ದು ಶೇ 28ರಷ್ಟು ಮತದಲ್ಲಿ. ಕಪ್ಪು ಸಮುದಾಯದ ಮತಗಳು ಹಲವು ಅಭ್ಯರ್ಥಿಗಳಲ್ಲಿ ಹಂಚಿಹೋದವು. ಸುಮಾರು ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಡೆಟ್ರಾಯಿಟ್‌ನಿಂದ ಕಪ್ಪು ಸಮುದಾಯದ ಒಬ್ಬರೂ ಸಂಸತ್ತಿಗೆ ಹೋಗಲಿಲ್ಲ. ಆ ಊರಿನವರಿಗೆ ಇದು ದೊಡ್ಡ ನೋವು. ಥಾಣೇದಾರ್ ನಿಯಮ ಮೀರಿಲ್ಲ, ನಿಯಮದ ಪ್ರಕಾರವೇ ಗೆದ್ದರು. ಆದರೆ ಅಂಥ ಗೆಲುವಿನ ನೆರಳು ಮುಂದಿನ ಪ್ರತಿ ಪ್ರೈಮರಿಗೂ ಬೀಳುತ್ತದೆ. ಕಡಿಮೆ ಮತದಲ್ಲಿ ಗೆದ್ದವರನ್ನು ಮುಂದಿನ ಸಲ ಎದುರಿಸಲು ಜನ ಸಾಲುಗಟ್ಟಿ ನಿಲ್ಲುತ್ತಾರೆ.

ಇದುವರೆಗೆ ಹೇಳಿದ್ದು ನಿಮ್ಮ ಗಂಡನ ಕಡೆಗೆ. ಈಗ ನಿಮ್ಮ ಕಡೆಗೆ ಬರುತ್ತೇನೆ.

ನ್ಯೂಯಾರ್ಕ್, ಮಿಷಿಗನ್, ಇಲಿನಾಯ್‌ನಲ್ಲಿ ನಡೆಯುವ ಲೆಕ್ಕ ಟೆಕ್ಸಸ್‌ನಲ್ಲಿ ನಡೆಯುವುದಿಲ್ಲ. ಟೆಕ್ಸಸ್, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿಯಂಥ ದಕ್ಷಿಣದ ರಾಜ್ಯಗಳಲ್ಲಿ ಪ್ರೈಮರಿ ಗೆಲ್ಲಲು ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಬರದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಂದು ಸುತ್ತು, ರನ್‌ಆಫ್. ಇಲ್ಲಿ ಎದುರಾಳಿಗಳು ಎಷ್ಟು ಜನ ಇದ್ದರೂ ಒಬ್ಬರ ಕಾಲು ಇನ್ನೊಬ್ಬರು ಎಳೆದ ಹಾಗಾಗುವುದಿಲ್ಲ. ಎಲ್ಲರೂ ಸೇರಿ ಹಳಬರನ್ನು ಶೇ 50ರ ಕೆಳಗೆ ಇಳಿಸಿದರೆ ಸಾಕು. ಆಮೇಲೆ ಒಬ್ಬರಿಗೆ ಒಬ್ಬರು.

ರಾಲ್ಫ್ ಹಾಲ್ ಅವರನ್ನು ನೋಡಿ. ಟೆಕ್ಸಸ್‌ನ 4ನೇ ಕ್ಷೇತ್ರ, 1981ರಿಂದ ಸದಸ್ಯರು. 2014ರಲ್ಲಿ ಅವರಿಗೆ 90 ವರ್ಷ. ಎದುರು ಐದು ಜನ, ನಿಮ್ಮ ಕ್ಷೇತ್ರದ ಹಾಗೆಯೇ. ಮಾರ್ಚ್‌ನ ಮೊದಲ ಸುತ್ತಿನಲ್ಲಿ ಹಾಲ್‌ಗೆ ಶೇ 45. ಎರಡನೇ ಸ್ಥಾನದ ಜಾನ್ ರ್‍ಯಾಟ್‌ಕ್ಲಿಫ್‌ಗೆ ಶೇ 29. ನ್ಯೂಯಾರ್ಕ್ ಆಗಿದ್ದರೆ "ಹಳೇ ಹುಲಿಗೆ ಭರ್ಜರಿ ಗೆಲುವು" ಅಂತ ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು. ಟೆಕ್ಸಸ್‌ನಲ್ಲಿ ಮೇ ತಿಂಗಳಲ್ಲಿ ರನ್‌ಆಫ್ ನಡೆಯಿತು. ಅಷ್ಟರಲ್ಲಿ ಹಾಲ್‌ಗೆ 91 ತುಂಬಿತ್ತು. ರ್‍ಯಾಟ್‌ಕ್ಲಿಫ್ ಶೇ 53 ಪಡೆದು ಗೆದ್ದರು. ಮೊದಲ ಸುತ್ತಿನಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದ "ಬದಲಾವಣೆ ಬೇಕು" ಅನ್ನುವ ಮತಗಳಲ್ಲಿ ಹೆಚ್ಚಿನವು ಎರಡನೇ ಸುತ್ತಿನಲ್ಲಿ ಒಂದೇ ದಾರಿಗೆ ಬಂದವು.

ಹಾಗಂತ ರನ್‌ಆಫ್ ಅಂದರೆ ಹಳಬರ ಕತೆ ಮುಗಿಯಿತು ಅಂತಲೂ ಅಲ್ಲ. ಅದೇ 2014ರಲ್ಲಿ ಮಿಸಿಸಿಪ್ಪಿಯಲ್ಲಿ ರಿಪಬ್ಲಿಕನ್ ಸೆನೆಟರ್ ಥ್ಯಾಡ್ ಕಾಕ್ರನ್. ಸೆನೆಟ್‌ನಲ್ಲಿ 1978ರಿಂದ. ಅವರ ಎದುರು ಕ್ರಿಸ್ ಮೆಕ್‌ಡ್ಯಾನಿಯಲ್. ಜೂನ್ 3ರ ಮೊದಲ ಸುತ್ತಿನಲ್ಲಿ ಮೆಕ್‌ಡ್ಯಾನಿಯಲ್‌ಗೆ ಶೇ 49.5, ಕಾಕ್ರನ್‌ಗೆ ಶೇ 49. ಹಳಬರು ಹಿಂದೆ! ಆದರೆ ಹೆಚ್ಚಿನವರು ಹೆಸರೇ ಕೇಳಿರದ ಮೂರನೆಯ ಅಭ್ಯರ್ಥಿಯೊಬ್ಬರು ಶೇ 1.5ರಷ್ಟು, ಅಂದರೆ 5 ಸಾವಿರಕ್ಕೂ ಕಡಿಮೆ ಮತ ತೆಗೆದುಕೊಂಡಿದ್ದರು. ಅಷ್ಟಕ್ಕೇ ಮೆಕ್‌ಡ್ಯಾನಿಯಲ್ ಅರ್ಧ ದಾಟಲಿಲ್ಲ. ಕಾಕ್ರನ್‌ಗೆ ಮೂರು ವಾರ ಸಿಕ್ಕಿತು. ಮಿಸಿಸಿಪ್ಪಿಯಲ್ಲಿ ಮತದಾರರು ಪಕ್ಷದ ಹೆಸರಲ್ಲಿ ನೋಂದಣಿ ಆಗುವುದಿಲ್ಲ. ಕಾಕ್ರನ್ ಕಡೆಯವರು ಇದನ್ನು ಹಿಡಿದುಕೊಂಡು, ಸಾಮಾನ್ಯವಾಗಿ ಡೆಮಾಕ್ರಟರಿಗೆ ಮತ ಹಾಕುವ ಕಪ್ಪು ಸಮುದಾಯದ ಜನರ ಹತ್ತಿರ ಹೋದರು. ಬನ್ನಿ, ನಮ್ಮ ಪ್ರೈಮರಿಯಲ್ಲಿ ಮತ ಹಾಕಿ ಅಂದರು. ಮೊದಲ ಸುತ್ತಿನಲ್ಲಿ 3.2 ಲಕ್ಷದ ಹತ್ತಿರ ಇದ್ದ ಮತದಾನ ಎರಡನೇ ಸುತ್ತಿನಲ್ಲಿ 3.8 ಲಕ್ಷಕ್ಕೆ ಏರಿತು. ಕಾಕ್ರನ್ ಸುಮಾರು 7,600 ಮತಗಳಿಂದ ಉಳಿದುಕೊಂಡರು. ಎರಡನೇ ಸುತ್ತಿಗೆ ಜನ ಇನ್ನೂ ಕಡಿಮೆಯಾಗುವುದೇ ವಾಡಿಕೆ. ಇಲ್ಲಿ ಉಲ್ಟಾ ಆಯಿತು.

ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ನಿಯಮ. ಅಯೋವಾದಲ್ಲಿ ಗೆಲ್ಲಲು ಶೇ 35 ಸಾಕು. ಯಾರಿಗೂ ಅಷ್ಟು ಬರದಿದ್ದರೆ ಪಕ್ಷದ ಸಮಾವೇಶ ಅಭ್ಯರ್ಥಿಯನ್ನು ಆರಿಸುತ್ತದೆ. ಮೇನ್ ರಾಜ್ಯದಲ್ಲಿ ಮತದಾರರು ಒಂದು, ಎರಡು, ಮೂರು ಅಂತ ಅಂಕಿ ಹಾಕಿ ಮತ ಕೊಡುತ್ತಾರೆ; ಒಂದು ಹಾಕಿದವರು ಎಣಿಕೆಯಲ್ಲಿ ಹೊರಬಿದ್ದರೆ ಆ ಮತ ಎರಡು ಹಾಕಿದವರಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಸಿಲಿಕಾನ್ ವ್ಯಾಲಿಯ ಕನ್ನಡಿಗರಿಗೆ ಇದು ಗೊತ್ತಿರುತ್ತದೆ. ರೋ ಖನ್ನಾ ಅಲ್ಲಿ ಗೆದ್ದದ್ದೇ ಹಾಗೆ. 2001ರಿಂದ ಸದಸ್ಯರಾಗಿದ್ದ ಮೈಕ್ ಹೊಂಡಾ ಅವರ ಎದುರು 2014ರ ಜೂನ್‌ನಲ್ಲಿ ಖನ್ನಾಗೆ ಶೇ 28 ಮಾತ್ರ. ಆದರೂ ಎರಡನೇ ಸ್ಥಾನ ಸಿಕ್ಕಿತು, ನವೆಂಬರ್‌ವರೆಗೆ ಆಟ ಉಳಿಯಿತು. ಆ ಸಲ ಶೇ 48ರವರೆಗೆ ಬಂದು ಸೋತರು. 2016ರಲ್ಲಿ ಶೇ 61 ಪಡೆದು ಗೆದ್ದರು. ಇಬ್ಬರೂ ಒಂದೇ ಪಕ್ಷದವರು.

ನ್ಯೂಯಾರ್ಕ್ ನಗರದವರು ಇನ್ನೊಂದು ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ ಮೇಯರ್ ಪ್ರೈಮರಿಗೆ 2021ರಿಂದ ಅಂಕಿ ಹಾಕುವ ಪದ್ಧತಿ ಇದೆ. 2025ರಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ "ನನಗೆ ಒಂದು ಹಾಕಿ, ಅವರಿಗೆ ಎರಡು ಹಾಕಿ" ಅಂತ ಒಬ್ಬರಿಗೊಬ್ಬರು ಪ್ರಚಾರ ಮಾಡಿದರು. ದೊಡ್ಡ ಹೆಸರಿನ ಆಂಡ್ರ್ಯೂ ಕ್ವೋಮೊ ಸೋತರು. ಆದರೆ ಅದೇ ನಗರದ ಸಂಸತ್ ಪ್ರೈಮರಿಗೆ ಈ ಪದ್ಧತಿ ಇಲ್ಲ. ಅಲ್ಲಿ ಒಂದೇ ಗುರುತು, ಒಂದೇ ಹೆಸರು. ಅಂಕಿ ಹಾಕುವ ಕಡೆ ಗುಂಪು ತಂಡವಾಗಬಹುದು. ಒಂದೇ ಗುರುತಿನ ಕಡೆ ಅದೇ ಗುಂಪು ಜಗಳವಾಗುತ್ತದೆ.

ಹಾಗಾದರೆ ಮುಂದಿದ್ದವರೇ ಗೆಲ್ಲುವ ರಾಜ್ಯಗಳಲ್ಲಿ ಹಳಬರು ಸೋಲುವುದೇ ಇಲ್ಲವಾ? ಸೋಲುತ್ತಾರೆ, ಅಪರೂಪಕ್ಕೆ. ಇಡೀ ಅಮೆರಿಕದಲ್ಲಿ ಕೆಳಮನೆಯ 435 ಸ್ಥಾನಗಳಲ್ಲಿ 2018ರಲ್ಲಿ ಪ್ರೈಮರಿಯಲ್ಲಿ ಸೋತ ಹಾಲಿ ಸದಸ್ಯರು ನಾಲ್ಕು ಜನ. 2020ರಲ್ಲಿ ಎಂಟು. 2024ರಲ್ಲಿ ಮತ್ತೆ ನಾಲ್ಕು. ಹೀಗೆ ಸೋತವರ ಕತೆಗಳನ್ನು ನಾನು ಗಮನವಿಟ್ಟು ನೋಡಿದ್ದೇನೆ. ಎದುರಾಳಿಗಳು ಎಷ್ಟು ಜನ ಅನ್ನುವುದಕ್ಕಿಂತ ಅವರಲ್ಲಿ ಒಬ್ಬರು ಉಳಿದವರಿಗಿಂತ ತುಂಬ ಮುಂದೆ ಬಂದರಾ ಅನ್ನುವುದೇ ಅಲ್ಲಿ ಕೆಲಸ ಮಾಡಿದೆ.

ಅಯೋವಾದ ಸ್ಟೀವ್ ಕಿಂಗ್ 2003ರಿಂದ ಸದಸ್ಯರು. ಬಿಳಿಯರ ಶ್ರೇಷ್ಠತೆಯ ಬಗ್ಗೆ ಆಡಿದ ಮಾತಿಗಾಗಿ 2019ರ ಜನವರಿಯಲ್ಲಿ ಅವರ ಪಕ್ಷವೇ ಅವರನ್ನು ಎಲ್ಲ ಸಮಿತಿಗಳಿಂದ ತೆಗೆಯಿತು. 2020ರಲ್ಲಿ ನಾಲ್ಕು ಜನ ಎದುರು ನಿಂತರು. ಕಿಂಗ್‌ಗೆ ಬಿದ್ದದ್ದು ಶೇ 36. ಉಳಿದ ಶೇ 64 ಆ ನಾಲ್ವರಲ್ಲಿ ಸಮನಾಗಿ ಹಂಚಿಹೋಗಿದ್ದರೆ ತಲಾ 16. ಕಿಂಗ್ ಆರಾಮಾಗಿ ಗೆಲ್ಲುತ್ತಿದ್ದರು. ಹಾಗಾಗಲಿಲ್ಲ. ರ್‍ಯಾಂಡಿ ಫೀನ್‌ಸ್ಟ್ರಾ ಒಬ್ಬರೇ ಶೇ 46 ಎಳೆದುಕೊಂಡರು. ಹಣ, ಪಕ್ಷದ ದೊಡ್ಡವರ ಬೆಂಬಲ ಎಲ್ಲವೂ ಮೊದಲೇ ಅವರ ಹಿಂದೆ ಸೇರಿತ್ತು. ಇಂಥವರಿಗೆ ಮತ ಹಾಕಿದರೆ ಕೆಲಸ ಆಗುತ್ತದೆ ಅಂತ ಮತದಾರರಿಗೆ ಗೊತ್ತಾಗಿತ್ತು.

ಶಿಕಾಗೋ ಪಕ್ಕದ ಡ್ಯಾನ್ ಲಿಪಿನ್‌ಸ್ಕಿ ಇನ್ನೂ ಸ್ವಾರಸ್ಯ. ಅಪ್ಪ ಬಿಲ್ ಲಿಪಿನ್‌ಸ್ಕಿ 1983ರಿಂದ ಸಂಸದ, 2005ರಿಂದ ಮಗ. 2018ರಲ್ಲಿ ಮೇರಿ ನ್ಯೂಮನ್ ಒಬ್ಬರೇ ಎದುರು ನಿಂತಾಗ ಲಿಪಿನ್‌ಸ್ಕಿ ಕೂದಲೆಳೆಯಲ್ಲಿ ಗೆದ್ದರು, ಶೇ 51ಕ್ಕೆ 49. 2020ರಲ್ಲಿ ಇನ್ನೂ ಇಬ್ಬರು ಬಂದರು. ಹಳಬರಿಗೆ ಲಾಭ ಅಂತ ಎಲ್ಲರೂ ಅಂದುಕೊಂಡರು. ನ್ಯೂಮನ್ ಶೇ 47, ಲಿಪಿನ್‌ಸ್ಕಿ ಶೇ 45. ಹೊಸಬರಿಬ್ಬರು ಶೇ 8ರಷ್ಟು ತೆಗೆದುಕೊಂಡರೂ ನ್ಯೂಮನ್ ಗೆದ್ದರು.

ಎದುರಾಳಿಗಳೇ ಜಾಗ ಬಿಟ್ಟುಕೊಟ್ಟದ್ದೂ ಉಂಟು. ನ್ಯೂಯಾರ್ಕ್‌ನ ಎಲಿಯಟ್ ಎಂಗೆಲ್ 1989ರಿಂದ ಸದಸ್ಯರು, ವಿದೇಶಾಂಗ ಸಮಿತಿಯ ಅಧ್ಯಕ್ಷರು. 2020ರಲ್ಲಿ ಹಲವರು ಎದುರು ನಿಂತಿದ್ದರು. ಮತದಾನಕ್ಕೆ ಮೂರು ವಾರ ಇರುವಾಗ ಆಂಡಮ್ ಗೆಬ್ರೆಗಿಯೋರ್ಗಿಸ್ ಎಂಬ ಶಿಕ್ಷಕರು ಪ್ರಚಾರ ನಿಲ್ಲಿಸಿ, ಬ್ರಾಂಕ್ಸ್‌ನ ಶಾಲೆಯೊಂದರ ಹೆಡ್‌ಮಾಸ್ಟರ್ ಆಗಿದ್ದ ಜಮಾಲ್ ಬೋಮನ್ ಅವರಿಗೆ ಬೆಂಬಲ ಕೊಟ್ಟರು. ಅದರ ಮರುದಿನವೇ ಎಂಗೆಲ್ ಒಂದು ಪತ್ರಿಕಾಗೋಷ್ಠಿಯಲ್ಲಿ ಮಾತಾಡಲು ಅವಕಾಶ ಕೇಳುತ್ತಾ, ಪ್ರೈಮರಿ ಇಲ್ಲದಿದ್ದರೆ ನಾನು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಅನ್ನುವ ಅರ್ಥದ ಮಾತಾಡಿಬಿಟ್ಟರು. ಮೈಕ್ ಚಾಲೂ ಇತ್ತು. ಬೋಮನ್ ಶೇ 55, ಎಂಗೆಲ್ ಶೇ 41. ಒಬ್ಬರ ತ್ಯಾಗದಿಂದಲೇ ಇದಾಯಿತು ಅನ್ನಲಾರೆ. ಆದರೆ ಆ ಶಿಕ್ಷಕರು ಮಾಡಿದ್ದು ಸಣ್ಣ ಕೆಲಸವಲ್ಲ. ತಿಂಗಳುಗಟ್ಟಲೆ ಬೀದಿ ಸುತ್ತಿ, ಮನೆ ಬಾಗಿಲು ತಟ್ಟಿ, ಕೊನೆಯಲ್ಲಿ ಇನ್ನೊಬ್ಬರಿಗೆ ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ.

ಹೆಚ್ಚಿನವರು ಯಾಕೆ ಬಿಟ್ಟುಕೊಡುವುದಿಲ್ಲ? ಶಿಕಾಗೋದ ಡ್ಯಾನಿ ಡೇವಿಸ್ ಕ್ಷೇತ್ರ ನೋಡಿದರೆ ಅರ್ಥವಾಗುತ್ತದೆ. ಡೇವಿಸ್ 1997ರಿಂದ ಸದಸ್ಯರು. 2022ರಲ್ಲಿ ಕೀನಾ ಕಾಲಿನ್ಸ್ ಎಂಬ ಯುವತಿ ಅವರ ಎದುರು ಶೇ 46ರಷ್ಟು ಪಡೆದರು. ಡೇವಿಸ್ ಶೇ 52ರಲ್ಲಿ ಬಚಾವಾದರು. ಇನ್ನೊಂದು ಸಲ ತಳ್ಳಿದರೆ ಬಿದ್ದೇ ಹೋಗುತ್ತಾರೆ ಅಂತ ಎಲ್ಲರಿಗೂ ಅನ್ನಿಸಿತು. ಅದೇ ಸಮಸ್ಯೆ. ಎಲ್ಲರಿಗೂ ಅನ್ನಿಸಿತು. 2024ರಲ್ಲಿ ಡೇವಿಸ್‌ಗೆ 82 ವರ್ಷ. ಕಾಲಿನ್ಸ್ ಮತ್ತೆ ನಿಂತರು. ಶಿಕಾಗೋ ನಗರದ ಖಜಾಂಚಿ ಮೆಲಿಸ್ಸಾ ಕಾನ್ಯರ್ಸ್-ಅರ್ವಿನ್ ಕೂಡ ನಿಂತರು. ಇನ್ನೂ ಇಬ್ಬರು ಸೇರಿದರು. "ಹಿಂದಿನ ಸಲ ನಾನೇ ಹತ್ತಿರ ಬಂದೆ" ಅನ್ನುವುದು ಒಬ್ಬರ ನ್ಯಾಯ. "ನನಗೆ ಆಡಳಿತ ಗೊತ್ತು, ನಗರದ ಶಿಕ್ಷಕರ ಸಂಘ ನನ್ನ ಜೊತೆಗಿದೆ" ಅನ್ನುವುದು ಇನ್ನೊಬ್ಬರ ನ್ಯಾಯ. ಇಬ್ಬರ ಮಾತೂ ತಪ್ಪಲ್ಲ. ಡೇವಿಸ್‌ಗೆ ಮತ್ತೆ ಶೇ 52ರ ಆಸುಪಾಸು. ಎರಡನೆಯ, ಮೂರನೆಯ ಸ್ಥಾನದವರು ಶೇ 20ರ ಅಕ್ಕಪಕ್ಕ.

ಇಲ್ಲಿ ಒಂದು ಮಾತು ಗಮನಿಸಿ. ಎರಡೂ ಸಲ ಡೇವಿಸ್ ಬೇಡ ಅಂದವರು ನೂರಕ್ಕೆ 48ರಷ್ಟೇ. ಅದು ಏರಲೂ ಇಲ್ಲ, ಇಳಿಯಲೂ ಇಲ್ಲ. ಮೊದಲ ಸಲ ಅದು ಕೂದಲೆಳೆ ಗೆಲುವಿನ ಹಾಗೆ ಕಂಡಿತು. ಎರಡನೇ ಸಲ ಎರಡು ಪಟ್ಟು ಅಂತರದ ಗೆಲುವಿನ ಹಾಗೆ ಕಂಡಿತು. ಅರ್ಧ ದಾಟಿದವರಿಗೆ ಎದುರಾಳಿಗಳ ಸಂಖ್ಯೆಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬರೀ ನೋಟ ಬದಲಾಗುತ್ತದೆ. ಮುಂದೆ 2025ರ ಜುಲೈನಲ್ಲಿ ಡೇವಿಸ್ ತಾವೇ ಇನ್ನು ನಿಲ್ಲುವುದಿಲ್ಲ ಅಂತ ಹೇಳಿದರು.

ಹೀಗಾಗಿ ಐದು ಜನ ನಿಂತಿದ್ದಾರೆ ಅನ್ನುವುದು ಬುಡ ಅಲ್ಲಾಡುತ್ತಿದೆ ಅನ್ನುವುದರ ಗುರುತು ಹೌದು. ಅಷ್ಟರಮಟ್ಟಿಗೆ ನೀವು ಸರಿ. ಆದರೆ ಕೆಲವರು ಈ ಸಲ ಗೆಲ್ಲಲು ನಿಂತಿರುವುದಿಲ್ಲ. ಹಳಬರು ನಿವೃತ್ತರಾಗುವ ದಿನಕ್ಕೆ ತಮ್ಮ ಹೆಸರು ಜನರ ಬಾಯಲ್ಲಿರಲಿ ಅಂತ ನಿಂತಿರುತ್ತಾರೆ. ಅಂಥವರಿಗೆ ಹಿಂದೆ ಸರಿಯಲು ಕಾರಣವೇ ಇಲ್ಲ. ನಿಮ್ಮ ಗಂಡನ ಮಾತು ನಿಜವಾಗುವುದು ಅಲ್ಲಿ.

ಮಲೋನಿ ಕತೆಯ ಕೊನೆಯನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ನ್ಯೂಯಾರ್ಕ್‌ನ ನಕ್ಷೆ ಬದಲಾಯಿತು. ಪೂರ್ವ ಮ್ಯಾನ್‌ಹ್ಯಾಟನ್, ಪಶ್ಚಿಮ ಮ್ಯಾನ್‌ಹ್ಯಾಟನ್ ಎರಡೂ ಸೇರಿ ಒಂದೇ ಕ್ಷೇತ್ರವಾಯಿತು. ಪಶ್ಚಿಮದಲ್ಲಿ 1992ರಿಂದ ಸದಸ್ಯರಾಗಿದ್ದ ಜೆರ್ರಿ ನ್ಯಾಡ್ಲರ್, ಪೂರ್ವದ ಮಲೋನಿ. ಇಬ್ಬರು ಹಳಬರು, ಒಂದು ಸೀಟು. ಮೂರನೆಯವರಾಗಿ ಮತ್ತೆ ಪಟೇಲ್. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಅಂತ ಪಟೇಲ್ ಲೆಕ್ಕ ಹಾಕಿದ್ದರು. ಆಗಲಿಲ್ಲ. ನ್ಯಾಡ್ಲರ್ ಶೇ 55, ಮಲೋನಿ ಶೇ 24, ಪಟೇಲ್ ಶೇ 19. ಎರಡು ವರ್ಷ ಹಿಂದೆ ಮತ ಒಡೆದಾಗ ಉಳಿದುಕೊಂಡ ಮಲೋನಿ ಈ ಸಲ ಉಳಿಯಲಿಲ್ಲ. ಸುಮಾರು ಮೂವತ್ತು ವರ್ಷದ ಸಂಸತ್ ಬದುಕು ಒಂದು ಆಗಸ್ಟ್ ರಾತ್ರಿ ಮುಗಿಯಿತು.

ಈಗ ನೀವು ಏನು ಮಾಡಬೇಕು? ಮೊದಲು ನಿಮ್ಮ ರಾಜ್ಯದ ಚುನಾವಣಾ ಕಚೇರಿಯ ವೆಬ್‌ಸೈಟ್‌ನಲ್ಲಿ ರನ್‌ಆಫ್ ಇದೆಯಾ ನೋಡಿ. ಇದ್ದರೆ ಮೊದಲ ಸುತ್ತಿನಲ್ಲಿ ನಿಮಗೆ ಮನಸ್ಸಿಗೆ ಹಿಡಿದವರಿಗೇ ಧೈರ್ಯವಾಗಿ ಮತ ಹಾಕಿ. ಎರಡನೇ ಸುತ್ತಿಗೂ ಮರೆಯದೆ ಹೋಗಿ. ಇಲ್ಲದಿದ್ದರೆ ಸ್ವಲ್ಪ ಕೆಲಸ ಇದೆ. ನಿಮ್ಮ ಹಾಲಿ ಸದಸ್ಯರಿಗೆ ಹಿಂದಿನ ಪ್ರೈಮರಿಯಲ್ಲಿ ಎಷ್ಟು ಬಿದ್ದಿತ್ತು ನೋಡಿ. ಶೇ 70 ದಾಟಿದ್ದರೆ ಐದು ಜನ ಬಂದರೂ ಕಷ್ಟ. ಶೇ 55ರ ಹತ್ತಿರ ಇದ್ದರೆ ನಿಜವಾದ ಹೋರಾಟ. ಆಮೇಲೆ ಐವರಲ್ಲಿ ಯಾರ ಹತ್ತಿರ ಹಣ ಇದೆ, ಯಾರಿಗೆ ಸ್ಥಳೀಯ ಸಂಘಟನೆಗಳ ಬೆಂಬಲ ಇದೆ ಅಂತ ನೋಡಿ. ಅಭ್ಯರ್ಥಿಗಳು ಎತ್ತಿದ ಹಣದ ಲೆಕ್ಕವನ್ನು ಫೆಡರಲ್ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಮತದಾನಕ್ಕೆ ಎರಡು ವಾರ ಇರುವಾಗ ಐವರೂ ಒಂದೇ ಮಟ್ಟದಲ್ಲಿದ್ದರೆ ನಿಮ್ಮ ಗಂಡ ಗೆದ್ದಂತೆ. ಒಬ್ಬರು ಮೇಲೆ ಬಂದಿದ್ದರೆ ನೀವು. ಹಳಬರೇ ಒಳ್ಳೆಯವರು ಅಂತ ನಿಮಗೆ ಅನ್ನಿಸಿದರೆ ಅವರಿಗೇ ಹಾಕಿ. ಇಪ್ಪತ್ತು ವರ್ಷ ಇದ್ದರು ಅನ್ನುವುದು ತಪ್ಪಲ್ಲ. ಸಮಿತಿಯಲ್ಲಿ ಹಿರಿತನ, ಕ್ಷೇತ್ರಕ್ಕೆ ಹಣ ತರುವ ಅನುಭವ, ವೀಸಾ ಸಮಸ್ಯೆ ಹಿಡಿದುಕೊಂಡು ಹೋದರೆ ಕೆಲಸ ಮಾಡಿಕೊಡುವ ಕಚೇರಿ, ಇವೆಲ್ಲ ಒಂದೆರಡು ವರ್ಷದಲ್ಲಿ ಬರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ದಯವಿಟ್ಟು ಇವತ್ತೇ ನೋಡಿ. ಕೆಲವು ರಾಜ್ಯಗಳಲ್ಲಿ ಆ ಪಕ್ಷದ ಮತದಾರ ಅಂತ ನೋಂದಣಿ ಆಗಿದ್ದರೆ ಮಾತ್ರ ಪ್ರೈಮರಿಯಲ್ಲಿ ಮತ. ನ್ಯೂಯಾರ್ಕ್ ಅಂಥದ್ದು. ಒಂದು ಪಕ್ಷದಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಜೂನ್ ಪ್ರೈಮರಿಯಲ್ಲಿ ಮತ ಹಾಕಬೇಕಾದರೆ ಫೆಬ್ರುವರಿ 14ರೊಳಗೆ ಅರ್ಜಿ ಹೋಗಿರಬೇಕು. ಪೌರತ್ವ ಸಿಕ್ಕ ಉತ್ಸಾಹದಲ್ಲಿ ನೋಂದಣಿ ಮಾಡಿಸುವಾಗ "ಯಾವ ಪಕ್ಷವೂ ಬೇಡ" ಅಂತ ಗುರುತು ಹಾಕುವವರು ನಮ್ಮವರಲ್ಲಿ ಬಹಳ. ಆಮೇಲೆ ಜೂನ್‌ನಲ್ಲಿ ಮತಗಟ್ಟೆಗೆ ಹೋಗಿ ಪೆಚ್ಚಾಗಿ ವಾಪಸ್ ಬರುತ್ತಾರೆ. ನಿಮ್ಮ ಗಂಡನಿಗೆ ಇನ್ನೂ ಪೌರತ್ವ ಬಂದಿಲ್ಲದಿದ್ದರೆ ಅವರು ಮತ ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಎಚ್-1ಬಿ ವೀಸಾದಲ್ಲಿದ್ದರೆ ಅದೂ ಕೂಡದು.

ಅಂಚೆಯಲ್ಲಿ ಮತ ಕಳಿಸುವುದಾದರೆ ಕೊನೆಯ ದಿನದವರೆಗೆ ಕಾಯಬೇಡಿ. ಲಕೋಟೆಯ ಮೇಲೆ ಹೇಳಿದ ಜಾಗದಲ್ಲಿ ಸಹಿ, ತಾರೀಖು ಹಾಕಿ. ಚುನಾವಣಾ ಕಚೇರಿಯವರು ಇಟ್ಟ ಡಬ್ಬಿ ನಿಮ್ಮಲ್ಲಿ ಇದ್ದರೆ, ಅಂಚೆ ಡಬ್ಬಿಯ ಬದಲು ಅದಕ್ಕೇ ಹಾಕುವುದು ಒಳ್ಳೆಯದು. ಅಲ್ಲಿ ಅಂಚೆ ಮುದ್ರೆಯ ತಕರಾರಿಲ್ಲ.